ಲಕ್ವ ಹೊಡೆದರೂ ದುಡಿದ ಮಹಾನುಭಾವ ಲೂಯಿ ಪಾಶ್ಚರ್

ಹುಚ್ಚುನಾಯಿ ಕಚ್ಚಿದವರಿಗೆ ಹಾಕುವ ಚುಚ್ಚುಮದ್ದನ್ನು ಲೋಕಕ್ಕೆ ಕೊಟ್ಟ ಮಹಾನುಭಾವರು ಲೂಯಿ ಪಾಶ್ಚರ್. ಫ್ರಾನ್ಸ್ ದೇಶದ ದೋಲ್ ಎಂಬ ಊರಿನಲ್ಲಿ 1822ರ ಡಿಸೆಂಬರ್ 27ರಂದು ಜನಿಸಿದರು. ತಂದೆಯವರದು ಚರ್ಮ ಹದ ಮಾಡುವ ಕಸುಬು. ಮಗ ಓದಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. ಮನೆಯಲ್ಲಿ ದುಃಖಕ್ಕೇನೂ ಕಡಿಮೆಯಿರಲಿಲ್ಲ. 1859ರಿಂದ 1866ರೊಳಗೆ ಮೂವರು ಹೆಣ್ಣುಮಕ್ಕಳು ತೀರಿಕೊಂಡರು.

ಆ ಕಾಲಕ್ಕೆ ದಕ್ಷಿಣ ಫ್ರಾನ್ಸಿನಲ್ಲಿ ರೇಷ್ಮೆ ಹುಳುಗಳು ರೋಗ ಬಂದು ಸತ್ತು, ರೈತರು ಕಂಗಾಲಾಗಿದ್ದರು. 1865ರಿಂದ ಪಾಶ್ಚರ್ ಅದರ ಪರಿಹಾರಕ್ಕೆ ಕೈಹಾಕಿದ್ದರು. ಕೆಲಸ ಅರ್ಧದಲ್ಲಿರುವಾಗ, 1868ರ ಅಕ್ಟೋಬರ್ 19ರಂದು, ಮೈಯ ಎಡಭಾಗ ಜುಮುಗುಟ್ಟತೊಡಗಿತು. ಲೆಕ್ಕಿಸದೆ ವಿಜ್ಞಾನ ಅಕಾಡೆಮಿಯ ಸಭೆಗೆ ಹೋಗಿ ಬಂದರು. ರಾತ್ರಿ ಮಲಗಿದ ಮೇಲೆ ಲಕ್ವ ಹೊಡೆಯಿತು. ಮಾತು ಹೋಗುವುದು, ಮತ್ತೆ ಬರುವುದು. ಎಡಗೈ ಎಡಗಾಲು ಸ್ವಾಧೀನ ತಪ್ಪಿದವು. ವಯಸ್ಸು ಇನ್ನೂ 45. ವೈದ್ಯರು ಜಿಗಣೆ ಕಚ್ಚಿಸಿದರು, ಅಂದಿಗೆ ಅದೇ ದೊಡ್ಡ ಚಿಕಿತ್ಸೆ. ಇವರು ಉಳಿಯುವುದಿಲ್ಲ ಅಂತ ತಿಳಿದು, ಇವರಿಗಾಗಿ ಕಟ್ಟುತ್ತಿದ್ದ ಪ್ರಯೋಗಶಾಲೆಯ ಕೆಲಸವನ್ನೂ ನಿಲ್ಲಿಸಿಬಿಟ್ಟರು! ಹಾಸಿಗೆ ಹಿಡಿದವರಿಗೆ ಇದಕ್ಕಿಂತ ನೋವು ಬೇಕೆ? ಚಕ್ರವರ್ತಿ ಮೂರನೇ ನೆಪೋಲಿಯನ್‌ನ ಕಿವಿಗೆ ಸುದ್ದಿ ಬಿದ್ದ ಮೇಲೆ ಕಟ್ಟಡ ಮತ್ತೆ ಶುರುವಾಯಿತು.

ಒಂದೇ ವಾರದಲ್ಲಿ ಪಾಶ್ಚರ್ ಮಲಗಿದಲ್ಲಿಂದಲೇ ರೇಷ್ಮೆ ಹುಳುವಿನ ವಿಷಯ ಹೇಳಿ ಶಿಷ್ಯನಿಂದ ಬರೆಸಿದರು. ಮೂರು ತಿಂಗಳಿಗೆ, ಸರಿಯಾಗಿ ನಡೆಯಲು ಬಾರದಿದ್ದರೂ, ಹಠ ಹಿಡಿದು ರೇಷ್ಮೆ ಸೀಮೆಗೆ ಹೊರಟರು. ಅಲ್ಲಿ ಕಲ್ಲುನೆಲದ ಮೇಲೆ ಬಿದ್ದು ಪೆಟ್ಟೂ ಆಯಿತು. ಆದರೂ 1870ರಲ್ಲಿ ಗ್ರಂಥ ಹೊರಬಂತು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಗಂಟುರೋಗ ಕಂಡರೆ ಆ ಮೊಟ್ಟೆಗಳನ್ನು ನಾಶಮಾಡುವುದು, ಇದು ಅವರು ತೋರಿದ ದಾರಿ. ಕರ್ನಾಟಕದ ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುತ್ತದೆ.

ಕೈಕಾಲು ಮಾತ್ರ ಪೂರ್ತಿ ಸರಿಹೋಗಲಿಲ್ಲ. ಎಡಗೈ ಮಡಚಿಕೊಂಡೇ ಉಳಿಯಿತು, ಎಡಗಾಲನ್ನು ಎಳೆದುಕೊಂಡೇ ನಡೆಯಬೇಕಾಯಿತು. ನಾಜೂಕಿನ ಪ್ರಯೋಗಕ್ಕೆ ಎರಡು ಕೈಯೂ ಬೇಕಲ್ಲ! ರೂ, ಶಾಂಬರ್‌ಲಾಂ ಮೊದಲಾದ ಶಿಷ್ಯರೇ ಅವರಿಗೆ ಕೈಯಾದರು. ಇನ್ನೊಬ್ಬರ ನೆರವು ಪಡೆಯಲು ನಾಚುವ ರೋಗಿಗಳು ಇದನ್ನು ಗಮನಿಸಬೇಕು. 1881ರಲ್ಲಿ ಕುರಿಗಳ ನೆರಡಿ ರೋಗದ ಲಸಿಕೆ, 1885ರಲ್ಲಿ ಹುಚ್ಚುನಾಯಿ ಕಡಿತದ ಲಸಿಕೆ, ಎರಡೂ ಲಕ್ವ ಹೊಡೆದ ಮೇಲಿನವು. 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಬಾಲಕನಿಗೆ ಚುಚ್ಚುಮದ್ದು ಶುರುವಾಯಿತು. ಪಾಶ್ಚರ್ ವೈದ್ಯರಲ್ಲವಾದ್ದರಿಂದ ಡಾಕ್ಟರ್ ಗ್ರಾಂಶೆ ಚುಚ್ಚಿದರು. ಹುಡುಗ ಬದುಕಿಕೊಂಡ.

1887ರಲ್ಲಿ ಮತ್ತೆ ಲಕ್ವ ಹೊಡೆಯಿತು; ಈ ಸಲ ಮಾತಿಗೇ ಪೆಟ್ಟು ಬಿತ್ತು. ಮರುವರ್ಷ ನವೆಂಬರ್ 14ರಂದು ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆ ಉದ್ಘಾಟನೆಯಾದಾಗ ಅವರು ಬರೆದ ಭಾಷಣವನ್ನು ಮಗ ಓದಿದರು. 1895ರ ಸೆಪ್ಟೆಂಬರ್ 28ರಂದು ಪಾಶ್ಚರ್ ಕಾಲವಾದರು. ಅವರ ಸಮಾಧಿ ಅದೇ ಸಂಸ್ಥೆಯೊಳಗಿದೆ.