ನರಗುಂದದ ಬಾಬಾಸಾಹೇಬ

ಮಲಪ್ರಭೆಯ ದಕ್ಷಿಣಕ್ಕೆ, ಶಿರೋಳ ಮೊದಲಾದ ಊರುಗಳ ಎರೆನೆಲದ ಸೀಮೆಯಲ್ಲಿ ನರಗುಂದದ ಗುಡ್ಡ ಒಂಟಿಯಾಗಿ ತಲೆಯೆತ್ತಿ ನಿಂತಿದೆ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಈ ಗುಡ್ಡದ ಕೋಟೆಗೆ ಒಡೆಯನಾಗಿದ್ದವನು ಭಾಸ್ಕರರಾವ್ ಭಾವೆ. ಜನರು ಅವನನ್ನು ಬಾಬಾಸಾಹೇಬನೆಂದು ಕರೆಯುತ್ತಿದ್ದರು. ಅವನು ಸ್ವಭಾವತಃ ಯುದ್ಧಪ್ರಿಯನಲ್ಲ, ವಿದ್ಯಾಪಕ್ಷಪಾತಿ. ಸಾವಿರಾರು ಸಂಸ್ಕೃತ ಗ್ರಂಥಗಳನ್ನು ಸಂಗ್ರಹಿಸಿ ಅರಮನೆಯಲ್ಲಿ ದೊಡ್ಡದೊಂದು ಪುಸ್ತಕಭಂಡಾರವನ್ನೇ ಕಟ್ಟಿದ್ದನು. ಇಂಥವನು ಖಡ್ಗ ಹಿಡಿದುದೇಕೆ?

ಬಾಬಾಸಾಹೇಬನಿಗೆ ಪುತ್ರಸಂತಾನ ಉಳಿದಿರಲಿಲ್ಲ. ದತ್ತಕ ತೆಗೆದುಕೊಳ್ಳುವುದು ಈ ನಾಡಿನ ಧರ್ಮಶಾಸ್ತ್ರವೂ ರೂಢಿಯೂ ಒಪ್ಪಿದ ಹಕ್ಕು. ಆದರೆ ಕಂಪನಿ ಸರಕಾರ ಅದಕ್ಕೆ ಅನುಮತಿ ಕೊಡಲಿಲ್ಲ. ಸಾತಾರಾ, ನಾಗಪುರ, ಝಾನ್ಸಿಗಳು ಇದೇ ನೆಪದಿಂದ ಕಂಪನಿಯ ವಶವಾಗಿದ್ದವು. ಬಾಬಾಸಾಹೇಬನು ಮೊದಲು ಹಿಡಿದದ್ದು ವಿನಂತಿಯ ದಾರಿಯನ್ನೇ ಎಂಬುದನ್ನು ಮರೆಯಬಾರದು. ಆ ದಾರಿ ಮುಚ್ಚಿತು.

1857ರಲ್ಲಿ ಉತ್ತರದಲ್ಲಿ ದಂಗೆಯೆದ್ದಾಗ ಸರಕಾರ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ತಂದಿತು. ತಪ್ಪು ಮಾಡಿದವನು, ಮಾಡದವನು ಎಂಬ ಭೇದವಿಲ್ಲದೆ ಎಲ್ಲರೂ ಆಯುಧಗಳನ್ನು ಒಪ್ಪಿಸಬೇಕಾಯಿತು. ಬೇಟೆಯೇ ಬದುಕಾಗಿದ್ದ ಹಲಗಲಿಯ ಬೇಡರು ಒಪ್ಪದೆ ಹೋರಾಡಿ ಮಡಿದರು. ನರಗುಂದದ ತೋಪುಗಳ ಮೇಲೂ ಅಧಿಕಾರಿಗಳ ಕಣ್ಣು ಬಿತ್ತು.

1858ರ ಮೇ ತಿಂಗಳ ಕೊನೆಯಲ್ಲಿ ಮುಂಡರಗಿಯ ಭೀಮರಾಯನ ಬಂಡಾಯದೊಡನೆ ಬಾಬಾಸಾಹೇಬನೂ ಎದ್ದು ನಿಂತನು. ಮೇ 29ರ ರಾತ್ರಿ ರಾಜಕೀಯ ಅಧಿಕಾರಿ ಮ್ಯಾನ್ಸನ್ ಸುರೇಬಾನದಲ್ಲಿ ತಂಗಿದ್ದಾಗ ನರಗುಂದದವರು ಅವನನ್ನು ಕೊಂದರು. ಅವನ ತಲೆಯನ್ನು ನರಗುಂದದ ಅಗಸೆಗೆ ತೂಗುಹಾಕಿದರು. ನ್ಯಾಯವಾದ ರೋಷವೂ ಇಂಥ ಕೃತ್ಯಕ್ಕೆ ಇಳಿಯಬಲ್ಲುದೆಂಬುದು ದುಃಖದ ಸಂಗತಿ.

ಜೂನ್ 1ರಂದು ಕಂಪನಿಯ ಸೈನ್ಯ ನರಗುಂದವನ್ನು ಮುತ್ತಿ ಊರನ್ನು ಹಿಡಿಯಿತು. ಅದೇ ದಿನ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಮಡಿದನು. ಮರುದಿನ ತೊರಗಲ್ಲಿನ ಕಾಡಿನಲ್ಲಿ ಬಾಬಾಸಾಹೇಬ ಸೆರೆಸಿಕ್ಕನು. ಅವನ ತಾಯಿಯೂ ಮಡದಿಯೂ ಮಲಪ್ರಭೆಯಲ್ಲಿ ಮುಳುಗಿ ಪ್ರಾಣ ಬಿಟ್ಟರು. ಯಾರ ಕಾನೂನೂ ಅವರಿಬ್ಬರನ್ನು ಕಾಯಲಿಲ್ಲ. ಬೆಳಗಾವಿಯಲ್ಲಿ ವಿಚಾರಣೆ ಅವಸರದಿಂದ ಮುಗಿಯಿತು. ಜೂನ್ 12ರಂದು ಅವನನ್ನು ಗಲ್ಲಿಗೇರಿಸಲಾಯಿತು. ಸೆರೆಗೂ ನೇಣಿಗೂ ನಡುವೆ ಇದ್ದದ್ದು ಹತ್ತೇ ದಿನ.

ಅದೇ ವರ್ಷದ ನವೆಂಬರ್ 1ರಂದು ವಿಕ್ಟೋರಿಯಾ ರಾಣಿಯ ಘೋಷಣೆ ಹೊರಟಿತು. ದೇಶೀಯ ಅರಸರ ಹಕ್ಕು ಮಾನಗಳನ್ನು ಗೌರವಿಸುವುದಾಗಿ ಅದು ಭರವಸೆಯಿತ್ತಿತು. ಮುಂದೆ ಕೆಲವೇ ವರ್ಷಗಳಲ್ಲಿ ಅರಸರಿಗೆ ದತ್ತಕದ ಸನದುಗಳೂ ದೊರೆತವು. ಅಷ್ಟರಲ್ಲಿ ನರಗುಂದ ಸಂಸ್ಥಾನ ಜಪ್ತಿಯಾಗಿ ಧಾರವಾಡ ಜಿಲ್ಲೆಗೆ ಸೇರಿಹೋಗಿತ್ತು.