ಬಿ. ಬಿ. ಮುಂಡ್ಕೂರ್

ಬಿ. ಬಿ. ಮುಂಡ್ಕೂರ್ (1896–1952) ಭಾರತದ ಸಸ್ಯರೋಗ ವಿಜ್ಞಾನಿ. ಬೆಳೆಗಳಿಗೆ ಕಾಡಿಗೆ ರೋಗ ತರುವ ಪರಾವಲಂಬಿ ಶಿಲೀಂಧ್ರಗಳನ್ನು ಗುರುತಿಸಿ ವರ್ಗೀಕರಿಸಿದವರಲ್ಲಿ ಪ್ರಮುಖರು.

ಜಿ. ಎಸ್. ಕುಲಕರ್ಣಿಯವರೊಡನೆ ಬೊಂಬಾಯಿ ಪ್ರಾಂತ್ಯದ ಹತ್ತಿಯ ಸೊರಗು ರೋಗವನ್ನು ಅಭ್ಯಸಿಸಿದರು. ಇಂದಿನ ವಿಜಯಪುರ ಜಿಲ್ಲೆಯೂ ಆಗ ಆ ಪ್ರಾಂತ್ಯಕ್ಕೇ ಸೇರಿತ್ತು. ಅಮೆರಿಕದ ಅಯೋವಾದಲ್ಲಿ ಡಾಕ್ಟರೇಟ್ ಪಡೆದು, ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಇ. ಜೆ. ಬಟ್ಲರ್ ಕಟ್ಟಿ ಬೆಳೆಸಿದ ಶಿಲೀಂಧ್ರ ಹರ್ಬೇರಿಯಂ ಅಲ್ಲಿತ್ತು. 1934ರ ಭೂಕಂಪದಲ್ಲಿ ಪೂಸಾ ಹಾಳಾದ ಮೇಲೆ, 1936ರಲ್ಲಿ ಸಂಸ್ಥೆ ದೆಹಲಿಗೆ ಬಂದಿತು.

ಹರ್ಬೇರಿಯಂ ಎಂದರೆ ರೋಗ ತಗುಲಿದ ಎಲೆ, ತೆನೆಗಳನ್ನು ಒಣಗಿಸಿ, ಆಶ್ರಯ ಸಸ್ಯ, ಊರು, ದಿನಾಂಕ ಹಾಗೂ ಸಂಗ್ರಹಿಸಿದವರ ಹೆಸರು ಬರೆದಿಡುವ ಭಂಡಾರ. ನೋಡಲು ನೀರಸವಾದ ಈ ಚೀಟಿಗಳೇ ಮುಂಡ್ಕೂರರ ಮುಖ್ಯ ಆಧಾರ. ಬಟ್ಲರ್ ಮತ್ತು ಬಿಸ್ಬಿ 1931ರಲ್ಲಿ ಪ್ರಕಟಿಸಿದ ಭಾರತದ ಶಿಲೀಂಧ್ರಗಳ ಪಟ್ಟಿಗೆ ಅವರು 1938ರಲ್ಲಿ ಪುರವಣಿ ಬರೆದರು.

ಸರಿಯಾಗಿ ಗುರುತಿಸುವುದು ಏಕೆ ಮುಖ್ಯವೆಂಬುದನ್ನು ನಿಡಗುಂದಿ, ಸಿಂದಗಿ ಸೀಮೆಯ ಮುಖ್ಯ ಬೆಳೆಯಾದ ಜೋಳದಿಂದಲೇ ತಿಳಿಯಬಹುದು. ಜೋಳಕ್ಕೆ ನಾಲ್ಕು ಬಗೆಯ ಕಾಡಿಗೆ ರೋಗಗಳಿವೆ. ನಾಲ್ಕರಲ್ಲಿಯೂ ಕಾಣುವುದು ಕಪ್ಪು ಪುಡಿಯೇ. ಆದರೆ ಕಾಳುಗಳನ್ನು ಒಂದೊಂದಾಗಿ ಕೆಡಿಸುವ ಶಿಲೀಂಧ್ರದ ಬೀಜಕಗಳು ಬಿತ್ತನೆ ಬೀಜಕ್ಕೆ ಅಂಟಿ ಬರುತ್ತವೆ. ಅದಕ್ಕೆ ಬೀಜೋಪಚಾರವೇ ಸಾಕು. ಇಡೀ ತೆನೆಯನ್ನು ನುಂಗುವುದು ಮಣ್ಣಿನಲ್ಲಿ ಉಳಿಯುತ್ತದೆ. ಉದ್ದನೆಯ ಚೀಲದಂಥ ಕಾಳು ಮೂಡಿಸುವುದು ಗಾಳಿಯಲ್ಲಿ ಹರಡುತ್ತದೆ. ಹೆಸರು ತಪ್ಪಿದರೆ ಉಪಾಯವೂ ತಪ್ಪುತ್ತದೆ, ರೈತನ ಶ್ರಮ ವ್ಯರ್ಥವಾಗುತ್ತದೆ.

ಮುಂಡ್ಕೂರರ ನಿರ್ಣಯಗಳೆಲ್ಲ ಉಳಿಯಲಿಲ್ಲ. ಕರ್ನಾಲಿನ ಗೋಧಿಯಲ್ಲಿ ಕಂಡ ಕಾಡಿಗೆಯನ್ನು ಎಂ. ಮಿತ್ರ 1931ರಲ್ಲಿ ಟಿಲೇಶಿಯ ಇಂಡಿಕ ಎಂದು ಹೆಸರಿಸಿದ್ದರು. ಮುಂಡ್ಕೂರ್ ಅದನ್ನು ನಿಯೊವೊಸಿಯ ಕುಲಕ್ಕೆ ಸೇರಿಸಿದರು. ಈಗ ಮಿತ್ರರ ಹೆಸರೇ ಮತ್ತೆ ಬಳಕೆಯಲ್ಲಿದೆ. ಮೀನಿನ ವಾಸನೆ ಬರಿಸುವ ಈ ರೋಗಕ್ಕೆ ಹೆದರಿ ಹಲವು ದೇಶಗಳು ಆಮದು ಗೋಧಿಯನ್ನು ಇಂದಿಗೂ ಪರೀಕ್ಷಿಸುತ್ತವೆ.

1947ರಲ್ಲಿ ಅವರು ಭಾರತೀಯ ಸಸ್ಯರೋಗ ವಿಜ್ಞಾನ ಸಂಘವನ್ನು ಸ್ಥಾಪಿಸಿದರು. ಮರುವರ್ಷ ಅದರ ಪತ್ರಿಕೆ ಹೊರಬಂದಿತು. 1949ರಲ್ಲಿ ವಿದ್ಯಾರ್ಥಿಗಳಿಗಾಗಿ ಸಸ್ಯರೋಗಗಳ ಪಠ್ಯಪುಸ್ತಕ ಬರೆದರು. ಕನ್ನಡ ನಾಡಿನವರಾದ ಎಂ. ಜೆ. ತಿರುಮಲಾಚಾರ್ ಜೊತೆ ಬರೆದ ಭಾರತದ ಕಾಡಿಗೆ ಶಿಲೀಂಧ್ರಗಳ ಗ್ರಂಥ, ಅವರು ತೀರಿಕೊಂಡ 1952ರಲ್ಲೇ ಪ್ರಕಟವಾಯಿತು. ತಿರುಮಲಾಚಾರ್ 1944ರಲ್ಲಿ ಒಂದು ಹೊಸ ಕುಲಕ್ಕೆ ಮುಂಡ್ಕೂರೆಲ್ಲ ಎಂದು ಹೆಸರಿಟ್ಟಿದ್ದರು.