ಅಡುಗೆಮನೆಯ ಕಥೆಗಳನ್ನು ಲೋಕಕ್ಕೆ ಹೇಳಿದ ರಾಮಾನುಜನ್

ರಾಮಾನುಜನ್ ಎಂದೊಡನೆ ಶಾಲಾ ಮಕ್ಕಳಿಗೆ ನೆನಪಾಗುವವರು ಗಣಿತದ ರಾಮಾನುಜನ್. ನಾನಿಲ್ಲಿ ಬರೆಯಹೊರಟಿರುವುದು ನಮ್ಮ ಮೈಸೂರಿನವರೇ ಆದ ಎ. ಕೆ. ರಾಮಾನುಜನ್ ಅವರ ವಿಚಾರ. ಇವರ ತಂದೆ ಕೃಷ್ಣಸ್ವಾಮಿಯವರೂ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು ಎಂಬುದು ಒಂದು ಸೋಜಿಗ. ಮಗ ಮಾತ್ರ ಲೆಕ್ಕವನ್ನು ಬಿಟ್ಟು ಕಥೆಯ ಬೆನ್ನು ಹತ್ತಿದರು.

ಅವರು ಹುಟ್ಟಿದ್ದು 1929ರ ಮಾರ್ಚ್ 16ರಂದು. ಮನೆಯ ಮಹಡಿಯಲ್ಲಿ ತಂದೆಯ ಓದುವ ಕೋಣೆ. ಅಲ್ಲಿ ಇಂಗ್ಲಿಷು, ಸಂಸ್ಕೃತ. ಕೆಳಗೆ ಅಡುಗೆಮನೆಯಲ್ಲಿ ತಮಿಳು. ಹೊಸಿಲು ದಾಟಿ ಬೀದಿಗಿಳಿದರೆ ಕನ್ನಡ. ಮಹಡಿಯ ಪುಸ್ತಕಗಳು ಅವರನ್ನು ಇಂಗ್ಲಿಷ್ ಅಧ್ಯಾಪಕರನ್ನಾಗಿ ಮಾಡಿದವು. ಆದರೆ ಕೊನೆಯವರೆಗೂ ಅವರನ್ನು ಬಿಡದೆ ಕಾಡಿದ ಕಥೆಗಳು ಬಂದದ್ದು ಕೆಳಗಿನಿಂದ, ಮಕ್ಕಳಿಗೆ ತುತ್ತು ಕೊಡುತ್ತಾ ಮನೆಯ ಹೆಂಗಸರು ಹೇಳುತ್ತಿದ್ದ ಮಾತುಗಳಿಂದ.

ಮಹಾರಾಜಾ ಕಾಲೇಜಿನಲ್ಲಿ ಓದು ಮುಗಿಸಿ ಕೊಲ್ಲಂ, ಬೆಳಗಾವಿ, ಬರೋಡಗಳಲ್ಲಿ ಪಾಠ ಹೇಳಿದರು. ಕನ್ನಡದ ಜನಪದ ಕಥೆಗಳನ್ನು ಕೇಳಿ ಬರೆದುಕೊಳ್ಳಲು ತೊಡಗಿದ್ದು ಆ 1950ರ ದಶಕದಲ್ಲೇ. 1959ರಲ್ಲಿ ಅಮೆರಿಕಕ್ಕೆ ಹೋಗಿ, ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಭಾಷಾವಿಜ್ಞಾನದ ಡಾಕ್ಟರೇಟ್ ಪಡೆದು, ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಮೂರು ದಶಕ ಕಲಿಸಿದರು. ವಚನಗಳನ್ನೂ ಅನಂತಮೂರ್ತಿಯವರ ‘ಸಂಸ್ಕಾರ’ವನ್ನೂ ಇಂಗ್ಲಿಷಿಗೆ ತಂದರು. ಕನ್ನಡದಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’ದಂಥ ಕವನ ಸಂಕಲನಗಳನ್ನು ಬರೆದರು. 1976ರಲ್ಲಿ ಪದ್ಮಶ್ರೀ ಬಂತು. ಇವೆಲ್ಲ ಬಹಳ ಮಂದಿಗೆ ಗೊತ್ತಿರುವ ಸಂಗತಿಗಳು. ನಮ್ಮಂಥ ಹಳ್ಳಿಯವರಿಗೆ ಹೆಚ್ಚು ಹತ್ತಿರವಾಗಬೇಕಾದದ್ದು ಅವರ ಕಥೆಯ ಕೆಲಸ.

ಅಜ್ಜಿ ಹೇಳಿದ ಕಥೆಯನ್ನು ಕಾಗದಕ್ಕೆ ಇಳಿಸುವುದು ಸುಲಭವೆಂದು ಮೇಲುನೋಟಕ್ಕೆ ಕಾಣುತ್ತದೆ. ಕೈಯಲ್ಲಿ ಪೆನ್ನು ಹಿಡಿದ ಕೂಡಲೇ ನಾವು ಬೆಳದಿಂಗಳನ್ನು ವರ್ಣಿಸುತ್ತೇವೆ, ರಾಜಕುಮಾರಿಗೊಂದು ಚೆಂದದ ಹೆಸರಿಡುತ್ತೇವೆ, ಕೊನೆಗೊಂದು ನೀತಿ ಅಂಟಿಸುತ್ತೇವೆ. ಅಷ್ಟು ಹೊತ್ತಿಗೆ ಅಜ್ಜಿ ಎದ್ದು ಹೋಗಿರುತ್ತಾಳೆ. ರಾಮಾನುಜನ್ ಹಿಡಿದದ್ದು ಬೇರೆ ದಾರಿ. ಅವರು ಕಥೆಗೆ ಏನನ್ನೂ ಸೇರಿಸಲು ಹೋಗಲಿಲ್ಲ. ಚಿಕ್ಕ ಚಿಕ್ಕ ವಾಕ್ಯ, ದಿನಬಳಕೆಯ ಇಂಗ್ಲಿಷ್. ಮನೆಯೊಳಗಿನ ಕಥೆಯಲ್ಲಿ ಪಾತ್ರಗಳಿಗೆ ಹೆಸರಿರುವುದಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಅಲ್ಲಿ ಒಬ್ಬ ರಾಜ, ಒಬ್ಬ ಮುದುಕಿ, ಒಬ್ಬ ಕಿರಿಸೊಸೆ, ಅಷ್ಟೆ. ಅದನ್ನು ಹಾಗೆಯೇ ಉಳಿಸಿದರು. ಕವಿಯಾಗಿ ಹೆಸರು ಮಾಡಿದವರು ಹೀಗೆ ತಮ್ಮ ಕವಿತ್ವವನ್ನು ಬದಿಗಿಟ್ಟು ಬರೆಯುವುದು ಸಾಮಾನ್ಯವಾದ ಸಂಯಮವಲ್ಲ.

ಒಂದು ಕಥೆಯನ್ನೇ ನೋಡಿ. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು. ಅವನ್ನು ಅವಳು ಯಾರಿಗೂ ಹೇಳಲಿಲ್ಲ. ಒಳಗೇ ಇದ್ದು ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಅವಳು ನಿದ್ದೆಯಲ್ಲಿದ್ದಾಗ ಬಾಯಿಂದ ಹೊರಬಿದ್ದು, ಕಥೆ ಒಂದು ಜೊತೆ ಗಂಡಸಿನ ಜೋಡಾಗಿ ಬಾಗಿಲ ಬಳಿ ಕೂತಿತು. ಹಾಡು ಕೋಟಾಗಿ ಗೂಟಕ್ಕೆ ತೂಗಿತು. ಮನೆಗೆ ಬಂದ ಗಂಡ ಇವು ಯಾರವು ಎಂದು ಕೇಳಿದ. ಅವಳಿಗೆ ತಿಳಿಯದು. ಜಗಳವಾಡಿದ ಗಂಡ ಕಂಬಳಿ ಹೊತ್ತು ಹನುಮಂತನ ಗುಡಿಗೆ ಮಲಗಲು ಹೋದ. ರಾತ್ರಿ ಮನೆ ಮನೆಗಳಲ್ಲಿ ಆರಿಸಿದ ದೀಪಗಳ ಕುಡಿಗಳೆಲ್ಲ ಬಂದು ಅದೇ ಗುಡಿಯಲ್ಲಿ ಸೇರಿ ಊರ ಸುದ್ದಿ ಮಾತಾಡುತ್ತಿದ್ದವು. ತಡವಾಗಿ ಬಂದ ಅವನ ಮನೆಯ ದೀಪ ನಡೆದದ್ದನ್ನೆಲ್ಲ ಹೇಳಿತು. ಸಂಶಯ ನೀಗಿದ ಗಂಡ ಮನೆಗೆ ಹೋಗಿ ಹೆಂಡತಿಯನ್ನು ಆ ಕಥೆ, ಆ ಹಾಡಿನ ಬಗ್ಗೆ ಕೇಳಿದ. ಅವಳಿಗೆ ಎರಡೂ ಮರೆತುಹೋಗಿದ್ದವು. ಕಥೆ ಅಲ್ಲಿಗೆ ನಿಲ್ಲುತ್ತದೆ. ಪಠ್ಯಪುಸ್ತಕ ಬರೆಯುವವರ ಕೈಗೆ ಸಿಕ್ಕಿದ್ದರೆ ಇನ್ನೆರಡು ಸಾಲು ಬೆಳೆಯುತ್ತಿತ್ತೋ ಏನೋ.

ಇಂಥ ಕಥೆಗಳನ್ನು ಹೇಳುವವರೂ ಹೆಂಗಸರು, ಕಥೆಯಲ್ಲಿ ಇರುವವರೂ ಹೆಂಗಸರು. ಗಂಡಸರ ಕಥೆ ಮದುವೆಯಲ್ಲಿ ಮುಗಿದರೆ ಹೆಂಗಸರ ಕಥೆಯಲ್ಲಿ ಕಷ್ಟ ಶುರುವಾಗುವುದೇ ಮದುವೆಯ ಆಚೆ ಎಂದು ರಾಮಾನುಜನ್ ತೋರಿಸಿದರು. ಎರಡು ಕೊಡ ನೀರು ಸುರಿದರೆ ಹೂಮರವಾಗುವ ಬಡ ಹುಡುಗಿಯ ಕಥೆ ಅದಕ್ಕೆ ಸಾಕ್ಷಿ. ಹೂ ಮಾರಿ ತಾಯಿಯನ್ನು ಸಾಕಬೇಕೆಂದು ಅವಳು ಮರವಾದಳು. ಅಕ್ಕ ಒಂದು ಎಲೆಯೂ ನೋಯದಂತೆ ಹೂ ಬಿಡಿಸಿದಳು. ರಾಜಕುಮಾರನ ಹೆಂಡತಿಯಾದ ಮೇಲೆ ನಾದಿನಿಯ ಬಲವಂತಕ್ಕೆ ಮರವಾದಾಗ ಕೊಂಬೆಗಳನ್ನೇ ಮುರಿದರು. ಕೈಕಾಲಿಲ್ಲದ ಮುದ್ದೆಯಾಗಿ ಅವಳು ಚರಂಡಿಯಲ್ಲಿ ಬಿದ್ದಳು. ಈ ಕಥೆಯನ್ನು ಕೇವಲ ಮಾಯಾಕಥೆಯೆಂದು ಬಿಡದೆ, ಅತ್ತೆಮನೆಗೆ ಹೋದ ಹೆಣ್ಣಿನ ಅಳುಕಿನ ಕಥೆಯಾಗಿ ಅವರು ಓದಿದರು.

1991ರಲ್ಲಿ ಬಂದ ಅವರ ಭಾರತೀಯ ಜನಪದ ಕಥೆಗಳ ಸಂಕಲನದಲ್ಲಿ 22 ಭಾಷೆಗಳ ಕಥೆಗಳಿವೆ. ಕನ್ನಡದ ಕಥೆಗಳು ಬಂಗಾಳಿ, ಪಂಜಾಬಿಗಳ ಜೊತೆ ಒಂದೇ ಪಂಕ್ತಿಯಲ್ಲಿ ಕೂತಿವೆ. ಅವರ ಬಾಯಿಂದ ಕೇಳಿದ ಎರಡು ಕಥೆಗಳನ್ನು ಹೆಣೆದು ಗಿರೀಶ ಕಾರ್ನಾಡರು 1988ರಲ್ಲಿ ‘ನಾಗಮಂಡಲ’ ಬರೆದರು. ಗುಡಿಯಲ್ಲಿ ಸೇರಿ ಹರಟುವ ದೀಪಗಳು ಆ ನಾಟಕದ ಮೊದಲಲ್ಲೇ ಬರುತ್ತವೆ. ನಾಟಕವನ್ನೋ ಸಿನಿಮಾವನ್ನೋ ನೋಡಿದವರು ನಮ್ಮೂರಲ್ಲಿ ಬಹಳ ಮಂದಿ ಇದ್ದಾರೆ; ಅದರ ಹಿಂದೆ ಒಬ್ಬ ಮೇಷ್ಟರ ಕಥೆಯ ಗಂಟು ಇತ್ತೆಂದು ಬಲ್ಲವರು ಕಡಿಮೆ.

ಇಷ್ಟಾಗಿ ಕನ್ನಡದ ಕಥೆಗಳದ್ದೇ ಒಂದು ಪುಸ್ತಕ ಅಚ್ಚಾಗುವುದನ್ನು ನೋಡಲು ಅವರಿರಲಿಲ್ಲ. 1993ರ ಜುಲೈ 13ರಂದು ಶಿಕಾಗೋದಲ್ಲಿ, 64ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಅಲನ್ ಡಂಡಿಸ್ ಎಂಬ ವಿದ್ವಾಂಸರು ಅವರ ಹಸ್ತಪ್ರತಿಯನ್ನು ಸಂಪಾದಿಸಿ 1997ರಲ್ಲಿ ಹೊರತಂದರು. ಅದಕ್ಕೆ ಹೂಮರದ ಕಥೆಯ ಹೆಸರನ್ನೇ ಇಡಲಾಯಿತು. 2006ರಲ್ಲಿ ಜಾನ್ ಆಡಮ್ಸ್ ಎಂಬ ಅಮೆರಿಕದ ಸಂಗೀತಗಾರರು ಅದೇ ಕಥೆಯನ್ನು ಸಂಗೀತ ನಾಟಕವಾಗಿ ವಿಯೆನ್ನಾ ನಗರದಲ್ಲಿ ಆಡಿಸಿದರು. ತಾಯಿಗಾಗಿ ಹೂ ಮಾರಹೊರಟ ನಮ್ಮ ಕಡೆಯ ಹುಡುಗಿ ಅಲ್ಲಿ ದೊಡ್ಡ ವಾದ್ಯಮೇಳದ ನಡುವೆ ನಿಂತು ಹಾಡಿದಳು.